ಹೆಪ್ಪಿಗೆ ಉಳಿಸಿದ ಬಾಲ್

"ಅದನ್ನ ಯಾಕೆ ಹಾಕಿದೆ?"

ಮಂಗಳವಾರ ರಾತ್ರಿ ಕೇಳಿದ ಮಾತು. ಇವತ್ತು ಶನಿವಾರ, ಇನ್ನೂ ಕಿವಿಯಲ್ಲೇ ಇದೆ. ಹಲ್ಲುಜ್ಜುವಾಗ ನೆನಪಾಗುತ್ತದೆ, ಮೀಟಿಂಗಿನ ನಡುವೆ ನೆನಪಾಗುತ್ತದೆ. ಕೇಳಿದವರು ಎಪ್ಪತ್ತು ದಾಟಿದ ಒಬ್ಬ ಅಮೆರಿಕನ್ ಅಜ್ಜ. ಬೈಯಲಿಲ್ಲ, ಹಂಗಿಸಲೂ ಇಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದ ಹಾಗಿತ್ತು. ಚುಚ್ಚಿದ್ದೇ ಅದು.

ನಾನು ಹಾಕಿದ್ದು ಒಂದು ಪೂಲ್ ಬಾಲ್, ಕೋಲಿನಿಂದ ಹೊಡೆದು, ಟೇಬಲ್ಲಿನ ಪಾಕೆಟ್ಟಿಗೆ. ಚೆನ್ನಾಗಿಯೇ ಹಾಕಿದ್ದೆ.

ನ್ಯೂಜೆರ್ಸಿಯಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷದ ದೂರದಲ್ಲಿ ಒಂದು ಹಳೇ ಪೂಲ್ ಹಾಲ್ ಇದೆ. ಎರಡು ವರ್ಷದಿಂದ ಮಂಗಳವಾರ ತಪ್ಪಿಸಿದವನಲ್ಲ. ಆಟ ಕಲಿತಿದ್ದು ಜಯನಗರದಲ್ಲಿ, ಕಾಲೇಜಿಗೆ ಚಕ್ಕರ್ ಹೊಡೆದು, ಗಂಟೆಗಿಷ್ಟು ಅಂತ ಕೊಟ್ಟು. ಏಯ್ಟ್ ಬಾಲ್. ಒಬ್ಬನಿಗೆ ಪೂರ್ತಿ ಬಣ್ಣದ ಬಾಲ್, ಇನ್ನೊಬ್ಬನಿಗೆ ಪಟ್ಟೆಯವು, ಕೊನೆಗೆ ಕಪ್ಪು. ಯಾರಾದರೂ "ಪೂಲ್ ಬರುತ್ತಾ?" ಅಂದರೆ "ಓ, ಬರುತ್ತೆ" ಅನ್ನುತ್ತಿದ್ದೆ. ಇಪ್ಪತ್ತು ವರ್ಷ ಹಾಗೇ ಅಂದುಕೊಂಡು ಬಂದೆ.

ಈ ಮಂಗಳವಾರ ನನ್ನ ಜೊತೆ ಆಡುವವನು ಕೈಕೊಟ್ಟ. ಅವನದು ಅದೇ ಕಥೆ. ನಾನ್ನೂರು ಡಾಲರಿನ ಕ್ಯೂ, ಅಂದರೆ ಹೊಡೆಯುವ ಕೋಲು, ಅದಕ್ಕೊಂದು ಚರ್ಮದ ಚೀಲ, ಒಂದು ಕೈಗೆ ಗ್ಲೌಸು. ಆಟ ಮಾತ್ರ ನಲವತ್ತು ಡಾಲರಿನದು. ಒಬ್ಬನೇ ಟೇಬಲ್ ಹತ್ತಿರ ನಿಂತು ಬಾಲ್ ಉರುಳಿಸುತ್ತಿದ್ದೆ. ಮೂಲೆಯ ಟೇಬಲ್ಲಿನಲ್ಲಿ ಯಾವಾಗಲೂ ಒಬ್ಬರೇ ಆಡುವ ಅಜ್ಜ ಬಂದು ಕೇಳಿದರು, "ಸ್ಟ್ರೈಟ್ ಪೂಲ್ ಗೊತ್ತಾ?"

"ಗೊತ್ತು" ಅಂದೆ.

ಗೊತ್ತಿರಲಿಲ್ಲ. ಅದೊಂದು ಬೇರೆ ಆಟ ಅನ್ನುವುದೂ ಗೊತ್ತಿರಲಿಲ್ಲ. ಯಾವ ಬಾಲ್, ಯಾವ ಪಾಕೆಟ್ ಅಂತ ಮೊದಲೇ ಹೇಳಿ, ಟೇಬಲ್ಲಿನ ಅಂಚಿಗೆ ಬಡಿಸದೆ ನೇರವಾಗಿ ಹೊಡೆಯುವ ಏಯ್ಟ್ ಬಾಲ್ ಇರಬೇಕು ಅಂದುಕೊಂಡೆ. ಹೆಸರಿನಲ್ಲೇ ಸ್ಟ್ರೈಟ್ ಇದೆಯಲ್ಲ. ಹಾಗೇ ಅಂದೆ ಕೂಡ. ಅಜ್ಜ ನಕ್ಕರು. "ಎಲ್ಲರೂ ಹಾಗೇ ಹೇಳ್ತಾರೆ" ಅಂದರು.

ಅವರ ಟೇಬಲ್ಲಿನ ಮೇಲೆ, ತಲೆಗಿಂತ ಎತ್ತರದಲ್ಲಿ, ಒಂದು ತಂತಿ ಕಟ್ಟಿದ್ದಾರೆ. ತಂತಿ ತುಂಬ ಮರದ ಮಣಿಗಳು. ಕೈಯಾಡಿ ಆಡಿ ನುಣುಪಾಗಿ, ಬಣ್ಣ ಹೋಗಿ, ಹುಣಸೆ ಬೀಜದ ಬಣ್ಣಕ್ಕೆ ಬಂದಿವೆ. ಎರಡು ವರ್ಷದಿಂದ ನೋಡುತ್ತಿದ್ದೇನೆ. ಅಲಂಕಾರಕ್ಕೆ ಕಟ್ಟಿದ್ದಾರೆ ಅಂತಲೇ ನಂಬಿದ್ದೆ. ಅಜ್ಜ ಕ್ಯೂ ಎತ್ತಿ ಅದರ ತುದಿಯಿಂದ ಮಣಿಗಳನ್ನು ಎರಡೂ ಕಡೆಗೆ ತಳ್ಳಿದರು. ಟಕ ಟಕ ಟಕ. ಸ್ಕೋರು ಇಡೋಕೆ ಇರುವುದಂತೆ! ನನ್ನ ಹಾಗೆ ಇಲ್ಲಿ ಆಡುವವರೆಲ್ಲ ಎಂಟು, ಹತ್ತು ನಿಮಿಷದಲ್ಲಿ ಮುಗಿಯುವ ಆಟ ಆಡುತ್ತಾರೆ. ಮಣಿ ಯಾರಿಗೆ ಬೇಕು?

ಆಟ ಹೇಳಿಕೊಡೋಕೆ ಅವರಿಗೆ ಎರಡು ನಿಮಿಷ ಸಾಕಾಯಿತು. ನಿನ್ನ ಬಾಲ್, ನನ್ನ ಬಾಲ್ ಅಂತಿಲ್ಲ. ಹದಿನೈದರಲ್ಲಿ ಯಾವುದನ್ನಾದರೂ ಹಾಕಬಹುದು. ಹೇಳಿ ಹಾಕಬೇಕು, ಒಂದಕ್ಕೆ ಒಂದು ಪಾಯಿಂಟು. ನಮ್ಮ ಕ್ಯಾರಂನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಬಿಟ್ಟು ಪಾಯಿಂಟ್ಸ್ ಆಡುತ್ತೇವಲ್ಲ, ಆ ಥರ. ಇಷ್ಟು ಸುಲಭವಾ ಅನ್ನಿಸಿತು. ಐವತ್ತಕ್ಕೆ ಆಡೋಣ ಅಂದರು. ದೊಡ್ಡ ಪಂದ್ಯಗಳಲ್ಲಿ 125, 150ರ ತನಕ ಹೋಗುತ್ತದಂತೆ.

ಮೊದಲ ಹೊಡೆತ ನನ್ನದು. ಅಭ್ಯಾಸಬಲ, ಜೋರಾಗಿ ಬಿಟ್ಟೆ. ಬಾಲ್‌ಗಳು ದಿಕ್ಕಾಪಾಲಾದವು, ಎರಡು ಬಾಲ್ ಪಾಕೆಟ್ಟಿಗೂ ಬಿದ್ದವು. ಖುಷಿಯಲ್ಲಿ ಅಜ್ಜನ ಮುಖ ನೋಡಿದೆ. ಅವರು ಸುಮ್ನೆ ಆ ಎರಡನ್ನೂ ಎತ್ತಿ ತಂದು ಟೇಬಲ್ ಮೇಲಿಟ್ಟರು. "ಹೇಳಿ ಹಾಕಿದ್ದಲ್ಲ." ಈ ಆಟದಲ್ಲಿ ಮೊದಲು ಹೊಡೆಯುವವನು ಗುಂಪನ್ನು ಸವರಿ ವಾಪಸ್ ಬರಬೇಕಂತೆ, ಆದಷ್ಟೂ ಕೆದಕಬಾರದಂತೆ. ನಾನು ಇಡೀ ಊಟವನ್ನು ಎಲೆ ಹಾಕಿ ಬಡಿಸಿ ಕೊಟ್ಟಿದ್ದೆ.

ಅಜ್ಜ ಉಂಡರು. ಅವಸರವೇ ಇಲ್ಲ. ಹತ್ತಿರದ್ದು, ಸುಲಭದ್ದು, ಮತ್ತೊಂದು ಸುಲಭದ್ದು. ಕಷ್ಟದ ಹೊಡೆತ ಒಂದೂ ಇಲ್ಲ. ಹದಿನಾಲ್ಕು ಹಾಕಿ ನಿಲ್ಲಿಸಿದರು. ಹದಿನೈದನೆಯದು ಟೇಬಲ್ ಮೇಲೇ ಉಳಿಯಿತು. ಪಾಕೆಟ್ಟುಗಳಿಂದ ಹದಿನಾಲ್ಕನ್ನೂ ತೆಗೆದು ತ್ರಿಕೋನದಲ್ಲಿ ಜೋಡಿಸಿದರು. ತುದಿಯ ಜಾಗ ಖಾಲಿ. ಉಳಿದ ಆ ಒಂದು ಬಾಲ್ ಗುಂಪಿನ ಪಕ್ಕ ಒಂದು ಗೇಣು ದೂರದಲ್ಲಿತ್ತು. ಅದನ್ನು ಹೇಳಿ ಹಾಕಿದರು. ಅದು ಪಾಕೆಟ್ಟಿಗೆ ಹೋಯಿತು, ಕ್ಯೂನಿಂದ ಹೊಡೆಯುವ ಬಿಳಿ ಬಾಲ್ ಪಕ್ಕಕ್ಕೆ ಸಿಡಿದು ಗುಂಪನ್ನು ಒಡೆಯಿತು. ಮತ್ತೆ ಹದಿನಾಲ್ಕು ತೆರೆದು ನಿಂತವು. ಆಟ ನಿಲ್ಲಲೇ ಇಲ್ಲ. ಇಪ್ಪತ್ತಮೂರಕ್ಕೆ ಒಂದು ತಪ್ಪಿಸಿದರು.

ಆರು ಉಳಿದಿದ್ದವು. ಎಲ್ಲವೂ ಬಿಡಿ ಬಿಡಿ. ನಾನು ಸೊಗಸಾಗಿ ಆಡಿದೆ, ಈಗಲೂ ಹೇಳುತ್ತೇನೆ. ನಾಲ್ಕು ಹಾಕಿದೆ. ಎರಡು ಉಳಿದವು. ಒಂದು ತ್ರಿಕೋನ ಇಡುವ ಜಾಗದ ಪಕ್ಕದಲ್ಲಿ. ಇನ್ನೊಂದು ಆ ಕಡೆ ತುದಿಯ ಮೂಲೆಯಲ್ಲಿ, ಟೇಬಲ್ಲಿನ ಅಂಚಿಗೆ ಅಂಟಿಕೊಂಡು. ಪಕ್ಕದಲ್ಲಿದ್ದದ್ದು ನೇರ ಪಾಕೆಟ್ಟಿಗಿತ್ತು. ಹೇಳಿದೆ. ಹಾಕಿದೆ. ಪಾಕೆಟ್ಟಿನ ಅಂಚು ಕೂಡ ಮುಟ್ಟದೆ ಹೋಯಿತು.

"ಅದನ್ನ ಯಾಕೆ ಹಾಕಿದೆ?"

"ಹೋಗ್ತಿತ್ತು. ಹಾಕಿದೆ."

ಅಜ್ಜ ಏನೂ ಹೇಳಲಿಲ್ಲ. ಹದಿನಾಲ್ಕನ್ನು ಜೋಡಿಸಿಕೊಟ್ಟು ಹೋಗಿ ಕುರ್ಚಿಯಲ್ಲಿ ಕೂತರು. ಆಗ ಕಣ್ಣಿಗೆ ಬಿತ್ತು. ಗುಂಪು ಈ ಕಡೆ, ನನ್ನ ಉಳಿದ ಬಾಲ್ ಆ ಕಡೆಯ ಮೂಲೆಯಲ್ಲಿ. ಅದನ್ನು ಹಾಕಬಹುದು, ಹಾಕಿದೆ ಕೂಡ. ಆರು ಮಣಿ. ಆದರೆ ಬಿಳಿ ಬಾಲ್ ಗುಂಪಿನ ಹತ್ತಿರಕ್ಕೇ ಹೋಗಲಿಲ್ಲ. ಹದಿನಾಲ್ಕೂ ಹೆಗಲಿಗೆ ಹೆಗಲು ಕೊಟ್ಟು ಹಾಗೇ ನಿಂತಿವೆ. ಬೇರೆ ದಾರಿ ಕಾಣದೆ ಬಾಯಿಗೆ ಬಂದ ಬಾಲ್ ಹೆಸರು ಹೇಳಿ ಗುಂಪಿಗೆ ಗುದ್ದಿದೆ. ಎಲ್ಲ ಚದುರಿದವು, ಬಿಳಿಯದು ಹೋಗಿ ಪಾಕೆಟ್ಟಿಗೆ ಬಿತ್ತು. ಅಜ್ಜ ಕ್ಯೂ ಎತ್ತಿ ನನ್ನ ಆರು ಮಣಿಯಲ್ಲಿ ಒಂದನ್ನು ವಾಪಸ್ ತಳ್ಳಿದರು. ಟಕ್. ಫೌಲಿಗೆ ಒಂದು ಕಳೆಯಬೇಕಂತೆ.

ಮಾರನೇ ದಿನ ಆಫೀಸಿನಲ್ಲಿ ಸುಮ್ಮನಿರಲಾಗಲಿಲ್ಲ. ಊಟದ ಹೊತ್ತಿಗೆ ಅಲ್ಲಿನ ಟೇಬಲ್ಲಿನಲ್ಲಿ ಆಡುವವರನ್ನೆಲ್ಲ ಕೇಳಿದೆ, ಸ್ಟ್ರೈಟ್ ಪೂಲ್ ಗೊತ್ತಾ? ಎಲ್ಲರೂ ಗೊತ್ತು ಅಂದರು. ಹೇಗೆ ಆಡೋದು ಅಂದರೆ ನಾನು ಅಜ್ಜನಿಗೆ ಹೇಳಿದ್ದನ್ನೇ ಹೇಳಿದರು. ಒಬ್ಬ ಮ್ಯಾನೇಜರು, ಯಾವುದನ್ನೂ ಗೊತ್ತಿಲ್ಲ ಅನ್ನದ ಜಾತಿ, ನಾನು ನಿಯಮ ಹೇಳಿದ ಮೇಲೂ "ಹಾಂ, ಅದೇ ನಾನು ಹೇಳಿದ್ದು" ಅಂದ. ಇಲ್ಲೇ ಹುಟ್ಟಿ ಬೆಳೆದವನು. ಅವನ ದೇಶದ್ದೇ ಆಟ.

ನಿಜಕ್ಕೂ ಅವರದ್ದೇ ಆಟ. 1910ರ ಹೊತ್ತಿಗೆ ಜೆರೋಮ್ ಕೀಯೋ ಅನ್ನುವ ಆಟಗಾರ ಈ ರೂಪಕ್ಕೆ ತಂದದ್ದು. ಅದಕ್ಕೆ ಮುಂಚೆ ಹದಿನೈದೂ ಹಾಕಿ, ಮತ್ತೆ ಹದಿನೈದೂ ಜೋಡಿಸಿ, ಹೊಸದಾಗಿ ಒಡೆಯುತ್ತಿದ್ದರು. ಒಡೆದವನು ಎದುರಾಳಿಗೆ ದಾನ ಮಾಡಿದ ಹಾಗೆ ಆಗುತ್ತಿತ್ತಲ್ಲ, ಹಾಗಾಗಿ ಯಾರೂ ಧೈರ್ಯವಾಗಿ ಒಡೆಯುತ್ತಿರಲಿಲ್ಲ. ಕೀಯೋ ಒಂದನ್ನು ಬಿಡಿ ಅಂದ. ಅಷ್ಟೇ ಬದಲಾವಣೆ. ಆಟದ ಇನ್ನೊಂದು ಹೆಸರು ಹದಿನಾಲ್ಕು ಬಿಂದು ಒಂದು. ಹದಿನಾಲ್ಕು ಜೋಡಿಸುವುದು, ಒಂದು ಉಳಿಸುವುದು. ಆಮೇಲೆ ಎಷ್ಟೋ ದಶಕ ಇಲ್ಲಿನ ಪೂಲ್ ವಿಶ್ವ ಚಾಂಪಿಯನ್ ಅಂದರೆ ಈ ಆಟದ ಚಾಂಪಿಯನ್. ಫಿಲಡೆಲ್ಫಿಯಾದ ವಿಲ್ಲಿ ಮಾಸ್ಕೋನಿ 1941ರಿಂದ 1957ರ ನಡುವೆ 15 ಸಲ ಗೆದ್ದ. 1954ರ ಮಾರ್ಚಿನಲ್ಲಿ ಒಹಾಯೋದ ಸ್ಪ್ರಿಂಗ್‌ಫೀಲ್ಡಿನಲ್ಲಿ ಒಂದು ಪ್ರದರ್ಶನ ಪಂದ್ಯದಲ್ಲಿ ತಪ್ಪದೆ 526 ಬಾಲ್ ಹಾಕಿದ. ಲೆಕ್ಕ ಹಾಕಿದೆ, ಸುಮಾರು 37 ಸಲ ಒಂದೊಂದು ಸರಿಯಾದ ಬಾಲನ್ನು ಸರಿಯಾದ ಜಾಗದಲ್ಲಿ ಉಳಿಸಿರಬೇಕು! ಆ ದಾಖಲೆ ಮುರಿಯೋಕೆ 2019 ಬರಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ ಜಾನ್ ಶ್ಮಿಟ್ 626 ಹೊಡೆದ. ಆಮೇಲೆ ಜೇಸನ್ ಶಾ ಅದನ್ನೂ ದಾಟಿದ. ಆಫೀಸಿನಲ್ಲಿ ಈ ಮೂವರ ಹೆಸರೂ ಯಾರಿಗೂ ಗೊತ್ತಿರಲಿಲ್ಲ.

ನನ್ನ ತಲೆಯಲ್ಲಿ ಸುಳಿಯುವುದು ಮಾತ್ರ ಆವತ್ತು ಒಹಾಯೋದಲ್ಲಿ ಕುರ್ಚಿಯಲ್ಲಿ ಕೂತಿದ್ದ ಎದುರಾಳಿ. ಎರಡು ಗಂಟೆಗೂ ಮಿಕ್ಕಿ ಕೂತಿದ್ದನಂತೆ. ಪಾಪ, ಕಾಫಿ ಆದರೂ ಕೊಟ್ಟರೋ ಇಲ್ಲವೋ.

ನಮ್ಮ ಪೂಲ್ ಹಾಲ್‌ನ ಗೋಡೆ ಮೇಲೆ ನಟ ಪಾಲ್ ನ್ಯೂಮನ್ ಕ್ಯೂ ಹಿಡಿದು ನಿಂತಿರುವ ಪೋಸ್ಟರ್ ಇದೆ. 1961ರ 'ದಿ ಹಸ್ಲರ್' ಸಿನಿಮಾದ್ದು. ಆ ಸಿನಿಮಾದಲ್ಲಿ ರಾತ್ರಿಯಿಡೀ ಆಡುವುದು ಸ್ಟ್ರೈಟ್ ಪೂಲ್. ನಾನು ಎರಡು ಸಲ ನೋಡಿದ್ದೇನೆ. ಏಯ್ಟ್ ಬಾಲ್ ಅಂದುಕೊಂಡೇ ನೋಡಿದ್ದೇನೆ. 1986ರಲ್ಲಿ ಅದರ ಮುಂದುವರಿದ ಭಾಗ ಬರುವ ಹೊತ್ತಿಗೆ ನ್ಯೂಮನ್ ಸುತ್ತ ಎಲ್ಲರೂ ನೈನ್ ಬಾಲ್ ಆಡುತ್ತಿದ್ದರು. ಬೇಗ ಮುಗಿಯುವ ಆಟ, ಟೀವಿಗೆ ಹೊಂದುವ ಆಟ.

ಆಫೀಸಿನವರನ್ನು ಆಡಿಕೊಳ್ಳೋಕೆ ನನಗೇನು ಹಕ್ಕಿದೆ ಅಂತಲೂ ಅನ್ನಿಸಿತು. ಬಿಲಿಯರ್ಡ್ಸ್ ಮತ್ತು ಸ್ನೂಕರ್ ಸೇರಿ ಎರಡು ಡಜನ್‌ಗೂ ಜಾಸ್ತಿ ವಿಶ್ವ ಪ್ರಶಸ್ತಿ ಗೆದ್ದ ಪಂಕಜ್ ಆಡ್ವಾಣಿ ಬೆಂಗಳೂರಿನವರು. ಪೇಪರಿನಲ್ಲಿ ಫೋಟೋ ಬಂದಾಗಲೆಲ್ಲ "ನಮ್ಮೋರು" ಅಂದಿದ್ದೇನೆ. ಬಿಲಿಯರ್ಡ್ಸ್‌ನಲ್ಲಿ ಇರೋದು ಮೂರೇ ಬಾಲ್, ಕೆಂಪು ಹಾಕಿದರೆ ಮೂರು, ಎರಡಕ್ಕೂ ತಾಗಿಸಿದರೆ ಎರಡು ಅನ್ನುವುದನ್ನು ಈ ಗುರುವಾರ ಓದಿ ತಿಳಿದುಕೊಂಡೆ. ಚೌಕಾಬಾರ ನಮ್ಮಜ್ಜಿ ಆಡುತ್ತಿದ್ದ ಪಟ್ಟು ಯಾವುದೂ ನನಗೆ ಬರೋದಿಲ್ಲ. ಅಳಗುಳಿ ಮಣೆ ಊರಿನ ಅಟ್ಟದ ಮೇಲಿದೆ. ಅದನ್ನೂ ಯಾರಾದರೂ ಅಲಂಕಾರಕ್ಕೆ ಗೋಡೆಗೆ ಹಾಕುವ ದಿನ ದೂರವಿಲ್ಲ.

ಬುಧವಾರ ರಾತ್ರಿ ಹೆಂಡತಿಗೆ ಹೇಳಿದೆ. ಜನ್ಮದಲ್ಲಿ ಕ್ಯೂ ಮುಟ್ಟಿದವಳಲ್ಲ. ಅಡುಗೆ ಕಟ್ಟೆ ಒರೆಸುತ್ತಾ ಕೇಳಿಸಿಕೊಂಡಳು. ನಿಂಬೆಹಣ್ಣು, ಟೊಮೇಟೋ ಎಲ್ಲ ಇಟ್ಟು ವಿವರಿಸೋಕೆ ಹೊರಟಿದ್ದೆ. ಅಷ್ಟರಲ್ಲಿ,

"ರೀ, ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ? ಹೆಪ್ಪು ತಾನೆ?"

ನಾನು ಟೊಮೇಟೋ ಹಿಡಿದುಕೊಂಡೇ ನಿಂತೆ.

ಹೆಪ್ಪೇ. ಕೊನೆಯ ಚಮಚ ಮೊಸರು ತಿನ್ನೋಕಲ್ಲ, ನಾಳೆಯ ಪಾತ್ರೆಗೆ. ನಮ್ಮ ಮನೆಯ ಹೆಪ್ಪು ನಾಲ್ಕು ವರ್ಷದ ಹಿಂದೆ ಎಡಿಸನ್ ಅನ್ನುವ ಊರಿನ ಅವಳ ಗೆಳತಿಯ ಮನೆಯಿಂದ ಬಂದದ್ದು. ಚಳಿಗಾಲದಲ್ಲಿ ಓವನ್ನಿನೊಳಗೆ ಲೈಟ್ ಹಾಕಿಟ್ಟು ಕಾಪಾಡಿದ್ದಾಳೆ. ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ಬಂದು, ಅನ್ನಕ್ಕೆ ಕಲಸಿಕೊಂಡು, ಪಾತ್ರೆ ಬಳಿದು ತಿಂದವನು ನಾನು. ಬೆಳಿಗ್ಗೆ ಅವಳೂ ಇದೇ ಥರ ಕೇಳಿದ್ದಳು, ಪೂರ್ತಿ ಯಾಕೆ ಮುಗಿಸಿದಿರಿ ಅಂತ. "ಇತ್ತು, ತಿಂದೆ" ಅಂದಿದ್ದೆ. ಮತ್ತೆ ಎಡಿಸನ್‌ಗೆ ಡಬ್ಬಿ ಹಿಡಿದು ಹೋಗಬೇಕಾಯಿತು. ಆ ಗೆಳತಿಯ ಗಂಡ ಮಾತಿಗೆ ಸಿಕ್ಕರೆ ಒಂದು ಗಂಟೆ ಬಿಡುವುದಿಲ್ಲ, ಅದು ಬೇರೆ ಶಿಕ್ಷೆ.

ಹೋಗ್ತಿತ್ತು, ಹಾಕಿದೆ. ಇತ್ತು, ತಿಂದೆ. ನನ್ನ ಬಾಯಲ್ಲಿ ಈ ಎರಡು ಉತ್ತರ ಎಷ್ಟು ಸಲೀಸಾಗಿ ಬಂದಿವೆ ನೋಡಿ. ಕೆಲಸದಲ್ಲೂ ಹೀಗೇ. ಪಟ್ಟಿಯಲ್ಲಿ ಹತ್ತು ಕೆಲಸ ಇದ್ದರೆ ಸುಲಭದ್ದನ್ನು ಮುಗಿಸಿ ಗೆರೆ ಎಳೆಯುವುದರಲ್ಲೇ ಖುಷಿ. ನಾಳೆಯ ಗಂಟು ಬಿಚ್ಚೋಕೆ ಯಾವುದು ಬೇಕಿತ್ತೋ ಅದೂ ಆ ಖುಷಿಯಲ್ಲೇ ಹೋಗಿರುತ್ತದೆ. ಏಯ್ಟ್ ಬಾಲ್ ಆಡಿ ಬೆಳೆದವನಿಗೆ ಟೇಬಲ್ ಖಾಲಿಯಾದರೆ ಗೆದ್ದ ಹಾಗೆ. ಅಜ್ಜನಿಗೆ ಟೇಬಲ್ ಖಾಲಿಯಾದರೆ ದಾರಿದ್ರ್ಯ.

ಆವತ್ತಿನ ಆಟ ಹೇಗೆ ಮುಗಿಯಿತು ಅಂತ ಹೇಳಲಿಲ್ಲ. ನನ್ನ ಐದು ಮಣಿ ಅಲ್ಲೇ ಉಳಿದವು. ಅಜ್ಜ ಎದ್ದು ಬಂದು ಹದಿಮೂರು ಹಾಕಿದರು. ಒಂದು ಉಳಿಸಿ, ಉಳಿದವನ್ನು ಜೋಡಿಸಿದರು. ಆ ಒಂದರಿಂದ ಗುಂಪು ಒಡೆದು ಮತ್ತೆ ಶುರು. ಈ ಸಲ ನಾನು ಅವರ ಕೈ ನೋಡಲಿಲ್ಲ, ಅವರು ಮುಟ್ಟದ ಬಾಲ್ ನೋಡುತ್ತಿದ್ದೆ. ಕಂದು ಬಣ್ಣದ ಏಳನೇ ನಂಬರು, ಗುಂಪಿನ ಜಾಗದ ಪಕ್ಕದಲ್ಲಿ. ಎರಡು ಸಲ ನೇರ ಪಾಕೆಟ್ಟಿಗೆ ಸಿಕ್ಕಿತು. ಎರಡು ಸಲವೂ ಅದರ ಪಕ್ಕದಲ್ಲೇ ಹಾದು ಬೇರೆ ಕಡೆ ಹೋದರು. ಐವತ್ತನೇ ಮಣಿ ತಳ್ಳಿದಾಗ ಟೇಬಲ್ ಮೇಲೆ ಏಳನೇ ನಂಬರೊಂದೇ ಇತ್ತು.

"ಆಟ ಮುಗೀತಲ್ಲ" ಅಂದೆ.

"ನಿನ್ನ ಜೊತೆಗಿನದು ಮುಗೀತು" ಅಂದರು. ಕ್ಯೂ ತುದಿಗೆ ಚಾಕ್ ಉಜ್ಜುತ್ತಾ ಏಳನೇ ನಂಬರನ್ನೇ ನೋಡುತ್ತಿದ್ದರು.

ನಾನು ತ್ರಿಕೋನ ತಂದು ಹದಿನಾಲ್ಕನ್ನು ಜೋಡಿಸಿದೆ. ತುದಿಯ ಜಾಗ ಖಾಲಿ ಬಿಟ್ಟೆ. ಹೋಗಿ ಕುರ್ಚಿಯಲ್ಲಿ ಕೂತೆ.