ದುಡ್ಡು ಕಟ್ಟಿಬಿಟ್ಟಿದ್ದೇನಲ್ಲ!

ಒಂದು ಆನ್‌ಲೈನ್ ಕೋರ್ಸಿಗೆ ಸೇರಿದ್ದೆ. ಎರಡನೇ ವಾರಕ್ಕೇ ಗೊತ್ತಾಯಿತು, ಇದು ನನಗೆ ಬೇಕಾದದ್ದಲ್ಲ ಅಂತ. ಆದರೂ ನಾಲ್ಕು ತಿಂಗಳು ಪ್ರತಿ ಶನಿವಾರ ಬೆಳಗ್ಗೆ ಬೇಗ ಎದ್ದು ಕೂತೆ. ಯಾಕೆ ಅಂದರೆ ಒಂದೇ ಉತ್ತರ, ದುಡ್ಡು ಕಟ್ಟಿಬಿಟ್ಟಿದ್ದೇನಲ್ಲ! ಕ್ಲಾಸಿಗೆ ಕೂತರೂ ಆ ದುಡ್ಡು ವಾಪಸ್ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಕೂತಿದ್ದಕ್ಕೆ ದುಡ್ಡಿನ ಜೊತೆ ಶನಿವಾರಗಳೂ ಹೋದವು, ಅಷ್ಟೇ.

ಇದಕ್ಕೆ ಸಂಕ್ ಕಾಸ್ಟ್ ಅಂತಾರೆ, ಮುಳುಗಿಹೋದ ಹಣ. ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಒಹಾಯೋ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಇಡೀ ಸೀಸನ್ನಿನ ನಾಟಕದ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆ, 15 ಡಾಲರ್. ಕೆಲವರಿಗೆ 2 ಡಾಲರ್ ಕಡಿಮೆ, ಇನ್ನು ಕೆಲವರಿಗೆ 7 ಡಾಲರ್ ಕಡಿಮೆ. ಯಾರಿಗೆ ಎಷ್ಟು ಅನ್ನುವುದು ಬರೀ ಅದೃಷ್ಟ. ನಾಟಕಗಳು ಎಲ್ಲರಿಗೂ ಅವೇ. ಆದರೂ ಸೀಸನ್ನಿನ ಮೊದಲರ್ಧದಲ್ಲಿ ಜಾಸ್ತಿ ನಾಟಕ ನೋಡಿದ್ದು ಪೂರ್ತಿ ದುಡ್ಡು ಕೊಟ್ಟವರು!

ಬಿಡೋಕೆ ಯಾಕೆ ಇಷ್ಟು ಕಷ್ಟ? ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಹೇಳಿದ್ದು ನನಗೆ ಇಲ್ಲೇ ಸರಿಯಾಗಿ ಅರ್ಥವಾಗಿದ್ದು. ನೂರು ಸಿಕ್ಕ ಖುಷಿಗಿಂತ ನೂರು ಕಳೆದುಕೊಂಡ ನೋವು ದೊಡ್ಡದು. ಮುಂದೆ ಅವರೇ ಅದನ್ನು ಸುಮಾರು ಎರಡು ಪಟ್ಟು ಅಂತ ಲೆಕ್ಕ ಹಾಕಿದರು. ಕೋರ್ಸ್ ಬಿಟ್ಟ ದಿನ ಮನಸ್ಸಿನೊಳಗಿನ ಖಾತೆ ಮುಚ್ಚಿ ನಷ್ಟ ಅಂತ ಬರೆಯಬೇಕು. ಹೋಗ್ತಾ ಇರುವಷ್ಟು ದಿನ ಅದನ್ನು ಬರೆಯೋದು ಬೇಡ, ಅಲ್ವಾ?

ಈ ಮನಸ್ಸಿನ ಖಾತೆ ಅವರಿಬ್ಬರೇ ಜನರಿಗೆ ಕೇಳಿದ ಇನ್ನೊಂದು ಪ್ರಶ್ನೆಯಲ್ಲೂ ಕಾಣುತ್ತದೆ. 15 ಡಾಲರಿನ ಕ್ಯಾಲ್ಕುಲೇಟರ್ 20 ನಿಮಿಷ ದೂರದ ಅಂಗಡಿಯಲ್ಲಿ 5 ಡಾಲರ್ ಕಡಿಮೆಗೆ ಸಿಗುತ್ತದೆ ಅಂದಾಗ ನೂರಕ್ಕೆ 68 ಜನ ಹೋಗ್ತೀವಿ ಅಂದರು. 125 ಡಾಲರಿನ ವಸ್ತುವಿಗೆ ಅದೇ 5 ಡಾಲರ್ ಉಳಿಯುತ್ತದೆ ಅಂದಾಗ ಹೋಗ್ತೀವಿ ಅಂದವರು 29 ಮಾತ್ರ. ಉಳಿಯುವ ದುಡ್ಡು ಒಂದೇ, ದಾರಿಯೂ ಒಂದೇ. ಆದರೆ ಮನಸ್ಸು ಆ 5 ಡಾಲರನ್ನು ಆ ವಸ್ತುವಿನ ಬೆಲೆಯ ಪಕ್ಕದಲ್ಲೇ ಇಟ್ಟು ಅಳೆಯುತ್ತದೆ.

ಇದನ್ನೆಲ್ಲ ದಡ್ಡತನ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸಿಕ್ಕಿದ್ದನ್ನು ಕಳೆದುಕೊಳ್ಳಬಾರದು ಅನ್ನುವ ಹೆದರಿಕೆ ಎಷ್ಟೋ ಸಲ ನಮ್ಮನ್ನು ಕಾಪಾಡುತ್ತದೆ. ಹೋಗಿಯೇಬಿಟ್ಟಿರುವುದರ ಮೇಲೂ ಅದೇ ಹೆದರಿಕೆ ಕೆಲಸ ಮಾಡಿದಾಗ ಮಾತ್ರ ತೊಂದರೆ. ಈಗ ನಾನು ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇವತ್ತು ಯಾರಾದರೂ ಇದನ್ನು ಸುಮ್ನೆ ಪುಕ್ಕಟೆ ಕೊಟ್ಟಿದ್ದರೆ ಹೋಗ್ತಿದ್ದೆನಾ?

ಅಂದಹಾಗೆ, ಆ ನಾಟಕದ ಸೀಸನ್ನಿನ ಎರಡನೇ ಅರ್ಧದಲ್ಲಿ ಗುಂಪುಗಳ ನಡುವಿನ ವ್ಯತ್ಯಾಸ ಉಳಿಯಲಿಲ್ಲ. ನನಗೂ ಹಾಗೇ ಆಯಿತು. ಐದನೇ ತಿಂಗಳ ಒಂದು ಶನಿವಾರ ಅಲಾರಂ ಹೊಡೆಯಿತು, ಕಟ್ಟಿದ ದುಡ್ಡು ನೆನಪಿಗೇ ಬರಲಿಲ್ಲ. ಆಫ್ ಮಾಡಿ ಮಲಗಿದೆ.