ಟವರೇ ಸಿಗದ ಬೆಟ್ಟದಲ್ಲಿ ನಡೆಯುತ್ತಾ ಫಿನ್ಲೆಂಡ್ ಹೇಗೆ ಸಿಗುತ್ತದೆ?

ಬೆನ್ನಿಗೆ ಚೀಲ, ಚೀಲದಿಂದ ಮೇಲಕ್ಕೆದ್ದ ಉದ್ದನೆಯ ಸ್ಟೀಲ್ ಕಡ್ಡಿ, ಹಿಂದೆ ನೆಲದ ಮೇಲೆ ಸರಿದುಕೊಂಡು ಬರುವ ವೈರು. ಕೊಡಗಿನ ಜೀಪು ದಾರಿಗಳಲ್ಲಿ ಹೀಗೆ ನಡೆಯುವ ಹವ್ಯಾಸಿ ರೇಡಿಯೊದವರಿಗೆ, ಅಂದರೆ ಹ್ಯಾಮ್‌ಗಳಿಗೆ ಎದುರಾದವರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಇಲ್ಲಿ ಮೊಬೈಲೇ ಸಿಗಲ್ಲ, ನಿಮಗೆ ಫಿನ್ಲೆಂಡು, ಜಪಾನು ಹೇಗೆ ಸಿಗುತ್ತೆ? ಎಷ್ಟು ಪವರ್ ಬೇಕು?"

10 ವಾಟ್ ಸಾಕು. ಮನೆಯ ಒಂದು ಎಲ್‌ಇಡಿ ಬಲ್ಬಿನಷ್ಟು. ಪವರ್ ಎಲ್ಲಕ್ಕಿಂತ ಕೊನೆಯ ವಿಷಯ. ಯಾವ ಹೊತ್ತಿಗೆ ಯಾವ ಬ್ಯಾಂಡಿನಲ್ಲಿದ್ದೀರಿ, ಮುಂದಿನ ನೆಲ ಯಾವ ಕಡೆಗೆ ಇಳಿಯುತ್ತದೆ, ಸುತ್ತ ವಿದ್ಯುತ್ ಗದ್ದಲ ಎಷ್ಟಿದೆ, ಆಂಟೆನಾಕ್ಕೆ ಹಿಂದೆ ಎಳೆಯುವ ವೈರಿನ ಮೂಲಕ ನೆಲ (ಗ್ರೌಂಡ್) ಒದಗಿಸಿದ್ದೀರಾ ಎಂಬ ನಾಲ್ಕು ಸಂಗತಿಗಳಲ್ಲೇ ಹೆಚ್ಚಿನದೆಲ್ಲ ತೀರ್ಮಾನವಾಗುತ್ತದೆ.

ಮೊಬೈಲಿನ ತರಂಗ ನೇರ ಹೋಗುತ್ತದೆ. ಅಡ್ಡ ಒಂದು ಗುಡ್ಡ ಬಂದರೆ ಮುಗಿಯಿತು. ನಾವು ಬಳಸುವ 14ರಿಂದ 30 ಮೆಗಾಹರ್ಟ್ಸ್ ತರಂಗ ಸುಮಾರು 250–400 ಕಿ.ಮೀ. ಎತ್ತರದಲ್ಲಿರುವ ಅಯಾನುಗೋಳದ ಎಫ್ ಪದರದಲ್ಲಿ ಬಾಗಿ ಮತ್ತೆ ಭೂಮಿಗೆ ಬರುತ್ತದೆ. ಒಂದು ನೆಗೆತಕ್ಕೆ ಹೆಚ್ಚೆಂದರೆ ಸುಮಾರು 4,000 ಕಿ.ಮೀ. ಮಡಿಕೇರಿಯಿಂದ ಲಂಡನ್ ಸುಮಾರು 8,000 ಕಿ.ಮೀ., ಟೋಕಿಯೊ ಸುಮಾರು 6,900 ಕಿ.ಮೀ.; ಎರಡು ಮೂರು ನೆಗೆತದ ದೂರ. ಇದರಲ್ಲಿ ಕೊಡಗಿಗೆ ಒಂದು ಅನುಕೂಲವೂ ಇದೆ. ಭೂಕಾಂತದ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುವುದರಿಂದ ನಮ್ಮ ತಲೆಯ ಮೇಲಿನ ಅಯಾನುಗೋಳ ಸಾಂದ್ರವಾಗಿರುತ್ತದೆ. ಉತ್ತರ ಯೂರೋಪಿನವರಿಗೆ 10 ಮತ್ತು 15 ಮೀಟರ್ ತರಂಗಾಂತರದ (28 ಮತ್ತು 21 ಮೆಗಾಹರ್ಟ್ಸ್) ಬ್ಯಾಂಡು ಮುಚ್ಚಿರುವ ದಿನಗಳಲ್ಲೂ ನಮಗೆ ಯಾವುದಾದರೊಂದು ದಿಕ್ಕು ತೆರೆದಿರುವುದುಂಟು.

ಪವರ್ ಲೆಕ್ಕವನ್ನು ಬೇಗ ಮುಗಿಸೋಣ. 100 ವಾಟ್ ಬದಲು 10 ವಾಟ್ ಬಿಟ್ಟರೆ ಸಿಗ್ನಲ್ 10 ಡೆಸಿಬೆಲ್ ಇಳಿಯುತ್ತದೆ. ರೇಡಿಯೊದಲ್ಲಿ ಸಿಗ್ನಲಿನ ಬಲ ತೋರಿಸುವ ಎಸ್ ಮೀಟರಿನ ಒಂದು ಅಂಕಕ್ಕೆ 6 ಡೆಸಿಬೆಲ್. ಎಸ್9 ಕೇಳುತ್ತಿದ್ದವರಿಗೆ ಎಸ್7ಕ್ಕಿಂತ ತುಸು ಮೇಲೆ ಕೇಳುತ್ತೀರಿ, ಮಾತು ಮಾತಾಗಿಯೇ ಉಳಿಯುತ್ತದೆ. ಆ ಎರಡು ಅಂಕಕ್ಕೂ ಕಡಿಮೆ ಲಾಭಕ್ಕಾಗಿ 20 ಆಂಪಿಯರ್ ಕುಡಿಯುವ ರೇಡಿಯೊ ಮತ್ತು ಅದಕ್ಕೆ ತಕ್ಕ ಬ್ಯಾಟರಿ ಹೊರುವುದು ಬೇಡ. ವಿಪ್ (ಆಂಟೆನಾದ ಸ್ಟೀಲ್ ಕಡ್ಡಿ) ತಲೆಯಿಂದ ಒಂದು ಮೊಳ ದೂರದಲ್ಲಿರುತ್ತದೆ ಎಂಬುದೂ ನೆನಪಿರಲಿ. ಬೆನ್ನ ಮೇಲೆ ಹೊತ್ತು ನಡೆಯುವಾಗ 20 ವಾಟ್ ದಾಟಬೇಡಿ.

ಜಾಗದ ವಿಷಯದಲ್ಲಿ ತಪ್ಪು ಕಲ್ಪನೆ ಹೆಚ್ಚು. ಎತ್ತರ ಹತ್ತಿದಷ್ಟೂ ದೂರ ಸಿಗುತ್ತದೆ ಎಂದು 1,748 ಮೀಟರಿನ ತಡಿಯಂಡಮೋಳ್ ತುದಿಗೇ ಹೊರಡುತ್ತಾರೆ. ಎರಡು ಮೀಟರ್ ಬ್ಯಾಂಡಿನ ವಾಕಿಟಾಕಿಗೆ ಆ ಮಾತು ಸರಿ. ಎಚ್‌ಎಫ್‌ನಲ್ಲಿ (ಅಯಾನುಗೋಳದಿಂದ ಬಾಗಿ ಬರುವ ಈ ತರಂಗಗಳಲ್ಲಿ) ಬೇಕಾದದ್ದು ಇಳಿಜಾರು. 8,000 ಕಿ.ಮೀ. ಹೋಗುವ ತರಂಗ ದಿಗಂತದಿಂದ 5–15 ಡಿಗ್ರಿ ಮಾತ್ರ ಮೇಲಕ್ಕೆ ಹೊರಡಬೇಕು. ಸಮತಟ್ಟಾದ ಒಣ ನೆಲದಲ್ಲಿ ಆ ತಗ್ಗು ಕೋನದ ಶಕ್ತಿಯನ್ನು ಮಣ್ಣೇ ನುಂಗುತ್ತದೆ. ಮುಂದಿನ ಕೆಲವು ನೂರು ಮೀಟರ್ ನೆಲ ಜಾರಿಕೊಂಡು ಇಳಿದಿದ್ದರೆ ಕೋನ ತಾನಾಗಿ ತಗ್ಗುತ್ತದೆ. ಕೊಡಗಿನ ಪಶ್ಚಿಮದ ಅಂಚು, ದಕ್ಷಿಣ ಕನ್ನಡ ಮತ್ತು ಕೇರಳದ ಕಡೆಗೆ ಘಟ್ಟ ಇಳಿಯುವ ಮೈ, ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಯೂರೋಪಿಗೆ ದಿಕ್ಸೂಚಿಯಲ್ಲಿ ಸುಮಾರು 320 ಡಿಗ್ರಿ, ಅಂದರೆ ವಾಯವ್ಯ. ಜಪಾನಿಗೆ ಸುಮಾರು 55 ಡಿಗ್ರಿ, ಈಶಾನ್ಯ. ಆ ಕಡೆಗೆ ತೆರೆದ ಮೈ ಹುಡುಕಿ, ಬೆನ್ನ ಹಿಂದೆ ಬೆಟ್ಟವಿದ್ದರೂ ಪರವಾಗಿಲ್ಲ. ಸುತ್ತ ತೋಟದ ಗುಡ್ಡಗಳು ಎದ್ದಿರುವ ಗದ್ದೆ ಬಯಲು ಮಾತ್ರ ಬೇಡ. ಅಲ್ಲಿ ದಿಗಂತವೇ 15–20 ಡಿಗ್ರಿ ಮೇಲಿರುತ್ತದೆ.

ಗದ್ದಲದ ವಿಷಯಕ್ಕೆ ಬಂದರೆ, ಮನೆಯ ಶ್ಯಾಕ್ (ರೇಡಿಯೊ ಕೋಣೆ) ಬಿಟ್ಟು ಕಾಲ್ನಡಿಗೆಯಲ್ಲಿ ಹೊರಡಲು ಇರುವ ಅತಿ ದೊಡ್ಡ ಕಾರಣ ಇದೇ. ಮಡಿಕೇರಿ, ಕುಶಾಲನಗರದ ಒಳಗೆ ಎಲ್‌ಇಡಿ ದೀಪ, ಸೋಲಾರ್ ಇನ್ವರ್ಟರ್, ಚಾರ್ಜರುಗಳು ಸೇರಿ ಬ್ಯಾಂಡಿನ ಮೇಲೆ ಕಂಬಳಿ ಹಾಸಿದಂತಿರುತ್ತದೆ. ತೋಟದ ಕಡೆ ಬಂದರೆ ಸೆಕೆಂಡಿಗೊಮ್ಮೆ "ಟಕ್, ಟಕ್" ಅನ್ನುವ ಸದ್ದು ಶುರು. ಅದು ಆನೆ ತಡೆಯಲು ಹಾಕಿದ ಸೋಲಾರ್ ಬೇಲಿ. ಒದ್ದೆ ಎಲೆ, ಬಳ್ಳಿ ತಂತಿಗೆ ತಾಗಿ ಕಿಡಿ ಹಾರಿದಾಗ ಸದ್ದು ಇನ್ನೂ ಜೋರು. ಇಂಥ ಗದ್ದಲಕ್ಕೆ ರೇಡಿಯೊದ ನಾಯ್ಸ್ ಬ್ಲಾಂಕರ್ (ಕ್ಷಣಿಕ ಸದ್ದನ್ನು ಕತ್ತರಿಸುವ ಸೌಲಭ್ಯ) ಚೆನ್ನಾಗಿ ಕೆಲಸ ಮಾಡುತ್ತದೆ. ಎಲ್‌ಇಡಿಯ ಕೊರೆತಕ್ಕೆ ಅದು ಉಪಯೋಗವಿಲ್ಲ, ದೂರ ನಡೆಯುವುದೊಂದೇ ದಾರಿ. ಬೇಲಿ, ಲೈನ್‌ಮನೆ, ಪಂಪ್‌ಹೌಸ್‌ಗಳಿಂದ ಅರ್ಧ ಕಿಲೋಮೀಟರ್ ಸರಿದರೆ ಎಸ್ ಮೀಟರ್ ನಾಲ್ಕೈದು ಅಂಕ ಇಳಿಯುವುದುಂಟು. ಮನೆಯಲ್ಲಿ ಕೇಳಿಸದೇ ಹೋಗುವ ಸ್ಟೇಷನ್‌ಗಳು ಅಲ್ಲಿ ಪಕ್ಕದಲ್ಲಿ ನಿಂತು ಮಾತಾಡಿದ ಹಾಗೆ ಬರುತ್ತವೆ.

ಇನ್ನು ಆಂಟೆನಾ. ನಡೆಯುವಾಗ ಸಮತೋಲ ತಪ್ಪದ ಉದ್ದ ಸುಮಾರು 2.5 ಮೀಟರ್. ಅಲ್ಯೂಮಿನಿಯಂ ಚೌಕಟ್ಟಿನ ಹಳೇ ಕಾಲದ ಬೆನ್ನುಚೀಲದ ಬದಿಗೆ ಬುಡವನ್ನು ಬಿಗಿಯಿರಿ, ಬುಡ ಸೊಂಟದ ಮಟ್ಟದಲ್ಲಿರಲಿ. 10 ಮೀಟರ್ ಬ್ಯಾಂಡಿನ 28.4 ಮೆಗಾಹರ್ಟ್ಸ್‌ಗೆ ಕಾಲು ತರಂಗ ಅಂದರೆ 2.52 ಮೀಟರ್, ಹಾಗಾಗಿ ಕಾಯಿಲ್ (ತಂತಿಯ ಸುರುಳಿ) ಇಲ್ಲದೆಯೇ ಪೂರ್ಣ ಆಂಟೆನಾ ಆಯಿತು. ಹೊಸಬರು ಇಲ್ಲಿಂದಲೇ ಶುರು ಮಾಡಲಿ ಎನ್ನುವುದು ಇದಕ್ಕೇ. 20 ಮೀಟರಿಗೆ ಕಾಲು ತರಂಗ 5 ಮೀಟರ್, ಕೊರತೆಯನ್ನು ಕಾಯಿಲ್ ತುಂಬಬೇಕು. ವಿಪ್ಪಿನ ಬುಡಕ್ಕೆ ಬೇಕಾದದ್ದು 4.7 ಮೈಕ್ರೊಹೆನ್ರಿ ಆಸುಪಾಸು. 50 ಮಿ.ಮೀ. ಹೊರವ್ಯಾಸದ ಪಿವಿಸಿ ಪೈಪಿನ ತುಂಡಿನ ಮೇಲೆ 1.5 ಮಿ.ಮೀ. ಎನಾಮಲ್ ತಾಮ್ರದ ತಂತಿಯನ್ನು 12 ಸುತ್ತು, ಒಟ್ಟು 4 ಸೆಂ.ಮೀ. ಉದ್ದಕ್ಕೆ ಹರಡಿ ಸುತ್ತಿ. ಪ್ರತಿ ಸುತ್ತಿನಲ್ಲೂ ಒಂದು ಕಡೆ ಎನಾಮಲ್ ಕೆರೆದು ಕ್ರೊಕೊಡೈಲ್ ಕ್ಲಿಪ್‌ನಿಂದ ಟ್ಯಾಪ್ (ಎಷ್ಟನೇ ಸುತ್ತಿಗೆ ಜೋಡಿಸಿದರೆ ಹೊಂದುತ್ತದೆ ಎಂಬ ಜಾಗ) ಹುಡುಕಿ. 20 ಮೀಟರಿಗೆ ಹತ್ತು ಹನ್ನೊಂದು ಸುತ್ತು, 17 ಮೀಟರಿಗೆ ಏಳರ ಹತ್ತಿರ ನಿಲ್ಲುತ್ತದೆ.

ಹಿಂದೆ ಎಳೆಯುವ ವೈರನ್ನು ಅನೇಕರು ಅಲಂಕಾರ ಅಂದುಕೊಂಡಿದ್ದಾರೆ. ಅದು ಆಂಟೆನಾದ ಇನ್ನೊಂದು ಅರ್ಧ. ಅದಿಲ್ಲದಿದ್ದರೆ ವಾಪಸು ಹರಿಯಬೇಕಾದ ಕರೆಂಟು ಮೈಕಿನ ವೈರು, ನಿಮ್ಮ ಮೈ ಹಿಡಿದು ಓಡಾಡುತ್ತದೆ. ತುಟಿಗೆ ಮೈಕ್ ತಾಗಿದರೆ ಚುರ್ರೆನ್ನುವುದು, ಮಾತು ಗೊಗ್ಗರಾಗಿ ಹೋಗುವುದು, ಡಿಸ್‌ಪ್ಲೇ ತಾನಾಗಿ ರೀಸೆಟ್ ಆಗುವುದು ಎಲ್ಲ ಇದರಿಂದಲೇ. 20 ಮೀಟರಿಗೆ 5 ಮೀಟರ್, 10 ಮೀಟರಿಗೆ 2.5 ಮೀಟರ್ ಇನ್ಸುಲೇಷನ್ ಇರುವ ಎಳೆಎಳೆ ತಾಮ್ರದ ವೈರು, 0.75 ಚದರ ಮಿ.ಮೀ. ಸಾಕು. ಒಂಟಿ ಎಳೆಯ ವೈರು ಎರಡು ದಿನದಲ್ಲಿ ತುಂಡಾಗುತ್ತದೆ. ಚೀಲಕ್ಕೆ ಜೋಡಿಸುವ ಜಾಗದಲ್ಲಿ ಬುಲೆಟ್ ಕನೆಕ್ಟರ್ ಹಾಕಿ: ಕಾಫಿ ಗಿಡದ ಬುಡಕ್ಕೋ ಲಂಟಾನಕ್ಕೋ ಸಿಕ್ಕಿಕೊಂಡಾಗ ವೈರು ಕಳಚಿಕೊಳ್ಳಬೇಕೇ ಹೊರತು ನಿಮ್ಮನ್ನು ಹಿಂದಕ್ಕೆ ಬೀಳಿಸಬಾರದು. ತುದಿಗೆ ಗಂಟು ಬೇಡ, ಹೀಟ್ ಶ್ರಿಂಕ್ ಹಾಕಿ ನುಣ್ಣಗೆ ಮಾಡಿ. ತೋಟದ ಸಾಲುಗಳ ಒಳಗೆ ಎಳೆಯುವುದಕ್ಕಿಂತ ಜೀಪು ದಾರಿಯೇ ವಾಸಿ.

ಟ್ಯೂನ್ ಮಾಡುವಾಗ ಚೀಲ ಬೆನ್ನ ಮೇಲೇ ಇರಬೇಕು. ನೆಲದ ಮೇಲಿಟ್ಟು ಹೊಂದಿಸಿದ್ದು ಹೆಗಲಿಗೇರಿಸಿದ ಕೂಡಲೇ ಜಾಗ ಬಿಡುತ್ತದೆ, ಏಕೆಂದರೆ ನಿಮ್ಮ ದೇಹವೂ ಸರ್ಕ್ಯೂಟಿನ ಭಾಗ. ನ್ಯಾನೊವಿಎನ್ಎ (ಆಂಟೆನಾ ಅಳೆಯುವ ಪುಟ್ಟ ಸಾಧನ) ಹಿಡಿದು ನಡುದಾರಿಯಲ್ಲಿ ನಿಂತು ನೋಡಿ. ಇಲ್ಲೊಂದು ಮುಖ್ಯ ಮಾತು: 20 ಮೀಟರ್ ಬ್ಯಾಂಡಿನ ಉದ್ದಕ್ಕೂ ಎಸ್‌ಡಬ್ಲ್ಯುಆರ್ 1.1 ಬಂತೆಂದು ಹಿಗ್ಗಬೇಡಿ (ಇದು ರೇಡಿಯೊಗೂ ಆಂಟೆನಾಕ್ಕೂ ಇರುವ ಹೊಂದಿಕೆಯ ಅಳತೆ, 1 ಬಂದರೆ ಪೂರ್ತಿ ಹೊಂದಿಕೆ). ಗಿಡ್ಡ ವಿಪ್ಪಿನ ವಿಕಿರಣ ರೋಧ (ತರಂಗವಾಗಿ ಹೊರಹೋಗುವ ಶಕ್ತಿಯ ಪಾಲು) 10 ಓಮ್‌ಗಿಂತಲೂ ಕಡಿಮೆ ಇರಬಹುದು. ಮೀಟರು 50 ಓಮ್ ತೋರಿಸುತ್ತಿದ್ದರೆ ಉಳಿದ 40 ಓಮ್ ಮಣ್ಣಿನಲ್ಲಿ, ಕಾಯಿಲಿನಲ್ಲಿ ಬಿಸಿಯಾಗಿ ಹೋಗುತ್ತಿದೆ ಎಂದೇ ಅರ್ಥ. ನೆಲಕ್ಕೆ ಎರಡನೇ ವೈರು ಸೇರಿಸಿದಾಗ ಎಸ್‌ಡಬ್ಲ್ಯುಆರ್ 2ಕ್ಕೆ ಏರಿ, ಹೊಂದುವ ಪಟ್ಟಿ ಕಿರಿದಾದರೆ ನಷ್ಟ ಕಡಿಮೆಯಾಗಿದೆ, ಅದು ಒಳ್ಳೆಯ ಸುದ್ದಿ. ಆಗ ಬುಡದಿಂದ ನೆಲದ ವೈರಿಗೆ ಒಂದು ಸಣ್ಣ ಶಂಟ್ ಕಾಯಿಲ್ ಹಾಕಿ 50 ಓಮ್‌ಗೆ ಹೊಂದಿಸಿ. ರೇಡಿಯೊ ಕಡೆಯ ತೆಳು ಕೊಯಾಕ್ಸ್ ಕೇಬಲ್ಲನ್ನು 43 ಮಿಕ್ಸ್ ಎಂಬ ಬಗೆಯ ಫೆರೈಟ್ ಉಂಗುರಕ್ಕೆ ಹತ್ತು ಸುತ್ತು ಸುತ್ತಿದರೆ ಮೈಕಿಗೆ ನುಗ್ಗುವ ಆರ್‌ಎಫ್ (ರೇಡಿಯೊ ಕರೆಂಟು) ಬಹುಪಾಲು ನಿಲ್ಲುತ್ತದೆ.

ಯಾವ ದಿಕ್ಕು ತೆರೆದಿದೆ ಎಂದು ತಿಳಿಯಲು ಆ್ಯಪ್ ಬೇಡ, ಬೆಟ್ಟದಲ್ಲಿ ನೆಟ್‌ವರ್ಕ್ ಇರುವುದೂ ಇಲ್ಲ. 14.100, 18.110, 21.150, 24.930, 28.200 ಮೆಗಾಹರ್ಟ್ಸ್‌ಗಳಲ್ಲಿ ಅಂತರರಾಷ್ಟ್ರೀಯ ಬೀಕನ್ (ತಾವಾಗಿಯೇ ಸಂಕೇತ ಕಳಿಸುವ ಸ್ಟೇಷನ್) ಜಾಲವಿದೆ. ಅದರಲ್ಲಿ 18 ಸ್ಟೇಷನ್‌ಗಳಿಗೆ ಸರದಿ. ಒಂದೊಂದು ಫ್ರೀಕ್ವೆನ್ಸಿಯಲ್ಲೂ ಪ್ರತಿಯೊಬ್ಬರಿಗೆ 10 ಸೆಕೆಂಡು, ಮೂರು ನಿಮಿಷಕ್ಕೆ ಒಂದು ಸುತ್ತು ಪೂರ್ತಿ. ಕರೆಚಿಹ್ನೆ (ಸ್ಟೇಷನ್ನಿನ ಗುರುತಿನ ಹೆಸರು) ಮತ್ತು ಮೊದಲ ಉದ್ದ ಗೆರೆ 100 ವಾಟ್‌ನಲ್ಲಿ, ಆಮೇಲಿನ ಗೆರೆಗಳು 10, 1, 0.1 ವಾಟ್‌ನಲ್ಲಿ. ಫಿನ್ಲೆಂಡಿನ ಓಎಚ್2ಬಿ ಎರಡನೇ ಗೆರೆ ಸ್ಪಷ್ಟವಾಗಿ ಕೇಳಿದರೆ 10 ವಾಟಿಗೆ ಆ ದಾರಿ ತೆರೆದಿದೆ ಎಂದಾಯಿತು. ಮೂರನೆಯದೂ ಕೇಳಿದರೆ ತಡ ಮಾಡದೆ ಕರೆಯಿರಿ. ಜಪಾನಿನ ಜೆಎ2ಐಜಿವೈ, ದಕ್ಷಿಣ ಆಫ್ರಿಕಾದ ಜೆಡ್‌ಎಸ್6ಡಿಎನ್ ಕೂಡ ಇದೇ ಸಾಲಿನವು. ಈ ಮೂರು ಕರೆಚಿಹ್ನೆಗಳ ಮೋರ್ಸ್ ಲಯ ಕಿವಿಗೆ ಕೂತರೆ ಸಾಕು, ಮೋರ್ಸ್ ಪೂರ್ತಿ ಬರಬೇಕೆಂದಿಲ್ಲ.

ಸಾಮಾನ್ಯವಾಗಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಪೂರ್ವ ಏಷ್ಯಾ, ಆಸ್ಟ್ರೇಲಿಯಾ. ಮಧ್ಯಾಹ್ನ ಎರಡರಿಂದ ಕತ್ತಲಾಗುವವರೆಗೆ 10, 12, 15 ಮೀಟರಿನಲ್ಲಿ ಯೂರೋಪ್. ಸಂಜೆಯಾದಂತೆ 17 ಮತ್ತು 20 ಮೀಟರಿಗೆ ಇಳಿಯುವುದು. 2019ರ ಡಿಸೆಂಬರಿನಲ್ಲಿ ಶುರುವಾದ 25ನೇ ಸೌರಚಕ್ರ 2024ರ ಸುಮಾರಿಗೆ ತುದಿ ಮುಟ್ಟಿತು. ಸೂರ್ಯನ ಕಲೆಗಳು ಕಡಿಮೆಯಾಗುತ್ತ ಹೋದಂತೆ 10 ಮೀಟರ್ ಮೊದಲು ಸೊರಗುತ್ತದೆ. ಆದ್ದರಿಂದ 20 ಮೀಟರಿನ ಕಾಯಿಲನ್ನು ಈಗಲೇ ಸರಿಯಾಗಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಬ್ಯಾಟರಿ ಸರಳ. 20 ವಾಟಿನ ರೇಡಿಯೊ ಕೇಳುವಾಗ 0.6 ಆಂಪಿಯರ್, ಮಾತಾಡುವಾಗ ಸರಾಸರಿ 2.5 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಮೂರು ಗಂಟೆಯಲ್ಲಿ ಶೇ. 15ರಷ್ಟು ಹೊತ್ತು ಮಾತಾಡಿದರೆ ಖರ್ಚು 2.7 ಆಂಪಿಯರ್-ಅವರ್. 32700 ಅಳತೆಯ 6 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ನಾಲ್ಕನ್ನು ಸಾಲಾಗಿ ಜೋಡಿಸಿ, ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟು) ಮತ್ತು ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಹಾಕಿದರೆ ಎರಡು ದಿನಕ್ಕೂ ಬರುತ್ತದೆ.

ಕರೆಯುವ ಕ್ರಮದಲ್ಲೂ ಜಾಣತನ ಬೇಕು. ನಡೆಯುತ್ತ ನೀವೇ ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ) ಕೂಗಿದರೆ ಗಂಟಲು ಒಣಗುವುದೇ ಹೆಚ್ಚು. ಎಸ್9 ಬರುತ್ತಿರುವ ಸ್ಟೇಷನ್ ಹುಡುಕಿ, ಅವರು ಒಂದು ಮಾತು ಮುಗಿಸಿ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಕರೆಚಿಹ್ನೆಯ ಜೊತೆ "ಪೆಡೆಸ್ಟ್ರಿಯನ್ ಮೊಬೈಲ್" (ಕಾಲ್ನಡಿಗೆಯ ಸ್ಟೇಷನ್) ಎಂದು ಒಂದೇ ಸಲ ಹೇಳಿ. ಆ ಎರಡು ಪದ ಕಿವಿಗೆ ಬಿದ್ದರೆ ದೊಡ್ಡ ಆಂಟೆನಾದವರು ತಮ್ಮನ್ನು ಕರೆಯುತ್ತಿರುವ ಗುಂಪನ್ನು ಸುಮ್ಮನಾಗಿಸಿ ನಿಮಗಾಗಿ ಕಿವಿಗೊಡುತ್ತಾರೆ. ಮಾತನ್ನು ಗಟ್ಟಿಯಾಗಿಸುವ ಸ್ಪೀಚ್ ಕಂಪ್ರೆಸರ್ ಹಾಕಿರಲಿ. ಉತ್ತರ ಬಂದ ಮೇಲೆ ನಿಲ್ಲಿ, ನಡೆಯುವಾಗ ವೈರು ಮೇಲೆ ಕೆಳಗೆ ಆಗಿ ಸಿಗ್ನಲ್ ಓಲಾಡುತ್ತದೆ. ವೈರು ಬಿದ್ದಿರುವ ಕಡೆಗೆ ಸಿಗ್ನಲ್ ತುಸು ಹೆಚ್ಚಿರುವುದುಂಟು, ಹಾಗಾಗಿ ಒಮ್ಮೆ ಮೈ ತಿರುಗಿಸಿ ಕೇಳಿ ನೋಡಿ. ಮೋರ್ಸ್ ಬಲ್ಲವರು 14.060 ಅಥವಾ 28.060ರಲ್ಲಿ ಸಿಕ್ಯೂ ಹಾಕಿದರೆ, ಊರಿಗೆ ಬಂದ ಮೇಲೆ ರಿವರ್ಸ್ ಬೀಕನ್ ನೆಟ್‌ವರ್ಕ್ ತಾಣದಲ್ಲಿ ಎಲ್ಲೆಲ್ಲಿ, ಎಷ್ಟು ಜೋರಾಗಿ ಕೇಳಿಸಿತು ಎಂದು ನೋಡಬಹುದು.

ಪರವಾನಗಿ ಇಲ್ಲದೆ ಪ್ರಸಾರ ಮಾಡುವಂತಿಲ್ಲ. ದೂರಸಂಪರ್ಕ ಇಲಾಖೆಯ ಎಎಸ್‌ಒಸಿ (ಹವ್ಯಾಸಿ ರೇಡಿಯೊ ನಿರ್ವಾಹಕರ ಪ್ರಮಾಣಪತ್ರ) ಪರೀಕ್ಷೆ ಪಾಸಾಗಬೇಕು, ನಮೂದಾದ ವಿಳಾಸದಿಂದ ಹೊರಗೆ ಕೆಲಸ ಮಾಡುವ ಬಗ್ಗೆ ಪರವಾನಗಿಯ ಷರತ್ತನ್ನು ಹೊರಡುವ ಮುನ್ನ ಓದಬೇಕು, ಪರವಾನಗಿಯ ಒಂದು ಪ್ರತಿ ಚೀಲದಲ್ಲಿರಬೇಕು. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇರೆ. ಖಾಸಗಿ ತೋಟವಾದರೆ ಮಾಲೀಕರನ್ನು ಕೇಳಿ.

ಕೊನೆಗೆ, ಅತ್ಯಂತ ಗಂಭೀರವಾಗಿ ತೆಗೆದುಕೊಳ್ಳಬೇಕಾದ್ದು ಕರೆಂಟು ತಂತಿ. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಜೀವ ಹೋದ ಸುದ್ದಿ ಕೊಡಗಿನವರಿಗೆ ಹೊಸದಲ್ಲ. ನಿಮ್ಮ ವಿಪ್ಪಿನ ತುದಿ ನೆಲದಿಂದ ಮೂರೂವರೆ ಮೀಟರ್ ಎತ್ತರದಲ್ಲಿರುತ್ತದೆ, ಇಳಿಜಾರಿನ ತೋಟಗಳಲ್ಲಿ 11 ಕೆ.ವಿ. ತಂತಿ ಜೋತುಬಿದ್ದಿರುತ್ತದೆ, ದಿಬ್ಬದ ಮೇಲೆ ನಿಂತರೆ ನಡುವಿನ ಅಂತರ ಮುಗಿದೇ ಹೋಗುತ್ತದೆ. ತಂತಿ ಕಂಡ ಕೂಡಲೇ ವಿಪ್ ಮಡಚಿ, ದಾಟಿದ ಮೇಲೆ ಬಿಚ್ಚಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗು ಇನ್ನೊಂದು. ರೇಡಿಯೊದಲ್ಲಿ ಚಟಪಟ ಒತ್ತೊತ್ತಾಗಿ ಬರತೊಡಗಿದರೆ ಅದು ಮೊದಲ ಎಚ್ಚರಿಕೆ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆಯಾದರೆ ಬೋಳುಬೆಟ್ಟದಿಂದ ಇಳಿಯಿರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿ. ಬಿದಿರು ಮುರಿಯುವ ಸದ್ದು ಕೇಳಲು ಇನ್ನೊಂದು ಕಿವಿ ಖಾಲಿಯಿರಬೇಕು. ಆನೆ ಓಡಾಡುವ ಜಾಗಗಳಲ್ಲಿ ಯೂರೋಪ್ ಎಷ್ಟೇ ಚೆನ್ನಾಗಿ ತೆರೆದಿದ್ದರೂ ಬೆಳಕಿರುವಾಗಲೇ ರೇಡಿಯೊ ಆಫ್ ಮಾಡಿ, ವೈರು ಸುತ್ತಿಕೊಂಡು ಇಳಿದುಬಿಡಿ.