ಶಾಲೆಯ ಆಫೀಸ್ ಕೋಣೆ

ಸರ್ಕಾರಿ ಶಾಲೆ ಅಂದ ಕೂಡಲೇ ನಮ್ಮ ಮಾತೆಲ್ಲ ಮೇಷ್ಟ್ರು, ಪಾಠ, ರಿಸಲ್ಟ್ ಸುತ್ತಲೇ. ಆಫೀಸಿನ ಗುಮಾಸ್ತರನ್ನು ಯಾರೂ ನೆನೆಯುವುದಿಲ್ಲ.

ದಾಖಲಾತಿ ಪುಸ್ತಕದಲ್ಲಿ ಒಂದು ಮಗುವಿನ ಹುಟ್ಟಿದ ತಾರೀಖು ತಪ್ಪಾಯಿತು ಅಂದುಕೊಳ್ಳಿ. ಅದೇ ತಪ್ಪು ವರ್ಗಾವಣೆ ಪತ್ರಕ್ಕೆ ಹೋಗುತ್ತದೆ, ಅಲ್ಲಿಂದ ಅಂಕಪಟ್ಟಿಗೆ. ಮುಂದೆ ಪಾಸ್‌ಪೋರ್ಟ್, ಕೆಲಸ ಅಂತ ಹೊರಟಾಗ ಕಚೇರಿಯಿಂದ ಕಚೇರಿಗೆ ಅಲೆದಾಟ. ಇದನ್ನೆಲ್ಲ ತಪ್ಪಿಸುವವರು, ಮಗುವನ್ನು ಸೇರಿಸುವ ದಿನ ಜನನ ಪ್ರಮಾಣಪತ್ರ ಎದುರಿಗಿಟ್ಟುಕೊಂಡು ಹೆಸರಿನ ಒಂದೊಂದು ಅಕ್ಷರವನ್ನೂ ತಾಳೆ ನೋಡುವ ಗುಮಾಸ್ತರು. ಸಣ್ಣ ಕೆಲಸವಾ ಇದು?

ಹುದ್ದೆ ಖಾಲಿ ಬಿದ್ದರೂ ಕೆಲಸ ನಿಲ್ಲುವುದಿಲ್ಲ. ಸ್ಕಾಲರ್‌ಶಿಪ್ ಅರ್ಜಿ, ಸಂಬಳದ ಬಿಲ್ಲು, ಕಂಪ್ಯೂಟರ್‌ಗೆ ತುಂಬಬೇಕಾದ ಮಾಹಿತಿ ಎಲ್ಲ ಮೇಷ್ಟ್ರ ತಲೆಗೇ ಬರುತ್ತದೆ. ಪಾಠದ ಹೊತ್ತು ಅಲ್ಲಿ ಕರಗುತ್ತದೆ. ಶೌಚಾಲಯ ತೊಳೆಯುವವರು ಇಲ್ಲದಿದ್ದರಂತೂ ಇನ್ನೂ ಕಷ್ಟ. ಕೊನೆಗೆ ಅದಕ್ಕೆ ಬೀಗ ಬೀಳುತ್ತದೆ, ಮುಟ್ಟಿನ ದಿನಗಳಲ್ಲಿ ಹುಡುಗಿಯರು ಮನೆಯಲ್ಲೇ ಉಳಿಯುತ್ತಾರೆ. (ಹೇಳಲು ಮುಜುಗರ ಪಡುತ್ತೇವೆ, ಆದರೆ ಹೇಳಲೇಬೇಕು.)

ಶಿಕ್ಷಕರನ್ನು ಕೊಡಿ ಅಂತ ಕೇಳುವಾಗ ಈ ಹುದ್ದೆಗಳನ್ನೂ ಜೊತೆಗೇ ಕೇಳಬೇಕು ಅಲ್ವಾ? ಮುಂದಿನ ಪೋಷಕರ ಸಭೆಯಲ್ಲಿ ನಾನಂತೂ ಕೇಳುತ್ತೇನೆ. ನೀವೂ ನಿಮ್ಮ ಮಕ್ಕಳ ಶಾಲೆಯಲ್ಲಿ ಕೇಳಿ.